ಹುಣಸೆ ಮರದಿಂದ ಬೀಳುವ ಮೀನು

ಜನವರಿ 19, ಭಾನುವಾರ

ಮಧುಗಿರಿಯ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತಾ, "ಸಿಟ್ಟು ಬಂದಾಗ ಕೂಗಾಡಬೇಡಿ ಅಮ್ಮಾ, ಒಂದು ಪುಸ್ತಕದಲ್ಲಿ ಬರೆದುಬಿಡಿ, ಬಿ.ಪಿ. ಇಳಿಯುತ್ತೆ" ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು, "ಒಂದು ಪುಸ್ತಕ ಎಲ್ಲಿ ಸಾಲ್ತದೆ ಡಾಕ್ಟ್ರೇ" ಎಂದರು. ಆ ಮಾತಿಗೆ ಬಂದ ಸಿಟ್ಟಿನಿಂದಲೇ ಈ ಪುಸ್ತಕ ಶುರುವಾಗಿದೆ.

ಇವತ್ತಿನ ಸಿಟ್ಟಿಗೆ ಬೇರೆ ಕಾರಣ. ಕೊಕ್ಕರೆಗಳು ಬಂದಿವೆ. ಶಿರಾ ಕಡೆಯ ನಮ್ಮೂರಿಗೆ ಸಂಕ್ರಾಂತಿ ಮುಗಿಯುತ್ತಲೇ ಬಣ್ಣದ ಕೊಕ್ಕರೆಗಳು ಬರುತ್ತವೆ. ಹುಣಸೆ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದಲ್ಲಿ ಹೊರಟುಹೋಗುತ್ತವೆ. ಊರಿನ ಮರಗಳಲ್ಲೆಲ್ಲ ದೊಡ್ಡದು ನಮ್ಮ ಅಂಗಳದಲ್ಲಿದೆ. ಅದರ ಅರ್ಧ ಕೊಂಬೆ ತಾರಸಿಯ ಮೇಲೆ, ಅರ್ಧ ಅಂಗಳದ ಮೇಲೆ. ನಾನು ಹಪ್ಪಳ ಸಂಡಿಗೆ ಒಣಗಿಸುವುದೂ ಈ ಎರಡೇ ಜಾಗದಲ್ಲಿ.

ಚನ್ನಮಲ್ಲಮ್ಮನ ಸಂಡಿಗೆ ಎಂದರೆ ಕೊರಟಗೆರೆಯಿಂದ ಪಾವಗಡದವರೆಗೆ ನಮ್ಮವರ ಮನೆಗಳಲ್ಲಿ ಹೆಸರಿದೆ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿಯೇ ಹಿಟ್ಟಿಗೆ ಕೈ ಹಾಕುವವಳು ನಾನು. ಇದನ್ನು ನಾನೇ ಎಲ್ಲರಿಗೂ ಹೇಳಿಕೊಂಡು ಬರುವುದರಿಂದ ಹೆಸರು ಇನ್ನೂ ಸ್ವಲ್ಪ ದೊಡ್ಡದಾಗಿದೆ.

"ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣೇ," ಎಂದರು ಯಜಮಾನರು, ಕತ್ತೆತ್ತಿ ಬಾಯಿ ತೆರೆದು ಮರ ನೋಡುತ್ತಾ.

"ಬಾಯಿ ಮುಚ್ಕೊಂಡು ನೋಡ್ರಿ, ಹಿಕ್ಕೆ ಬಿದ್ದಾತು," ಎಂದೆ.

ಮಾರ್ಚ್ 11, ಮಂಗಳವಾರ

ಮರಿಗಳು ಹೊರಬಂದಿವೆ. ಅಪ್ಪ ಅಮ್ಮ ಕೆರೆಯಿಂದ ನುಂಗಿ ತಂದ ಮೀನನ್ನು ಗೂಡಿಗೆ ಕಕ್ಕುತ್ತವೆ, ಮರಿಗಳು ಕಿತ್ತಾಡುತ್ತವೆ, ಆ ಕಿತ್ತಾಟದಲ್ಲಿ ಒಂದೆರಡು ಮೀನು ಕೆಳಗೆ ಬೀಳುತ್ತವೆ. ಕೆಳಗೆ ಏನಿದೆ? ನನ್ನ ಹಳೇ ರೇಷ್ಮೆ ಸೀರೆ. ಸೀರೆಯ ಮೇಲೆ ಏನಿದೆ? ಆಗಷ್ಟೇ ಇಟ್ಟ ಅಕ್ಕಿ ಸಂಡಿಗೆ.

ಕಿರುಚಿದ್ದಕ್ಕೆ ಆಚೆ ಮನೆ ಗಂಗಲಕ್ಷ್ಮಮ್ಮ ಓಡಿಬಂದಳು. ಹಾವು ಬಂತೆಂದುಕೊಂಡು ಕೋಲು ಬೇರೆ ತಂದಿದ್ದಳು. ಮೀನು ನೋಡಿ ಕೋಲು ಕೆಳಗಿಟ್ಟು, "ಜಿಲೇಬಿ ಮೀನು ಕಣಕ್ಕಾ! ಸಾರಿಗೆ ಬಲೇ ರುಚಿ," ಎಂದಳು.

"ನಿನ್ ಬಾಯಿಗೆ ಬೂದಿ ಹಾಕ. ತಗೊಂಡು ಹೋಗೇ ಮೊದ್ಲು."

ಆ ಸಂಡಿಗೆಯನ್ನೆಲ್ಲ ತಿಪ್ಪೆಗೆ ಹಾಕಿ, ಅಂಗಳಕ್ಕೆ ಸಗಣಿ ನೀರು ಹಾಕಿ, ವಿಭೂತಿ ಚಿಮುಕಿಸಿದೆ. ಚಿಮುಕಿಸುವಾಗಲೇ ಮೇಲಿಂದ ಇನ್ನೊಂದು ಬಿತ್ತು. ನನ್ನ ವಿಭೂತಿಗೆ ಕೊಕ್ಕರೆ ಹೆದರುವುದಿಲ್ಲ ಎಂಬುದು ಸಾಬೀತಾಯಿತು.

ಮಾರ್ಚ್ 30, ಯುಗಾದಿ

ಬೇವು ಬೆಲ್ಲದಲ್ಲಿ ಬೆಲ್ಲವೆಲ್ಲ ಬೇರೆಯವರಿಗೆ ಹೋಗಿ ನನಗೆ ಬೇವು ಮಾತ್ರ ಉಳಿಯಿತು.

ಕೊರಟಗೆರೆಯ ಶಂಕರಲಿಂಗಪ್ಪನವರದು ದೊಡ್ಡ ಜವಳಿ ಅಂಗಡಿ, ಅದಕ್ಕಿಂತ ದೊಡ್ಡ ಆಚಾರ. ಅವರ ಮನೆಯ ಹಬ್ಬದ ಸಂಡಿಗೆ ಪ್ರತಿ ವರ್ಷ ನನ್ನದೇ. ಅವರ ಕಡೆಯಿಂದಲೇ ಮಿಕ್ಕವರ ಮನೆಗಳೂ ನನಗೆ ಸಿಕ್ಕಿದ್ದು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಅವರ ಫೋನು.

"ಚನ್ನಮಲ್ಲಮ್ಮನೋರೆ, ಸಂಡಿಗೆಗೆ ಮುಳ್ಳು ಯಾವಾಗಿಂದ ಹಾಕ್ತಿದೀರಿ?"

ಮನೆಗೆ ಊಟಕ್ಕೆ ಕರೆದಿದ್ದ ಜಂಗಮರ ಎಲೆಯಲ್ಲೇ ಬಂದಿದೆಯಂತೆ. ಸಂಡಿಗೆಗೆ ಅಂಟಿಕೊಂಡ ಮೀನಿನ ರೆಕ್ಕೆ, ಅದೂ ಗರಿಗರಿಯಾಗಿ ಕರಿದು. ಆಮೇಲೆ ಇಟ್ಟ ಸಂಡಿಗೆಗೆ ಅದು ಯಾವಾಗ ಬಿತ್ತೋ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಜಂಗಮರು ಎಲೆ ಬಿಟ್ಟು ಎದ್ದರಂತೆ. ಶಂಕರಲಿಂಗಪ್ಪನವರು ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಅಂದು ಹಗುರವಾಗುತ್ತಿದ್ದೆ. ಅವರು ಬೈಯಲೇ ಇಲ್ಲ. "ಆಯ್ತಮ್ಮ, ಇನ್ನು ಕಳಿಸಬೇಡಿ," ಎಂದು ಫೋನಿಟ್ಟರು.

ಸಂಜೆಯೊಳಗೆ ಪಾವಗಡದಿಂದಲೂ ಬೇಡ ಎಂದರು. ಕೆಟ್ಟ ಸುದ್ದಿಗೆ ಬಸ್ಸು ಬೇಕಾಗಿಲ್ಲ.

ಇಷ್ಟು ವರ್ಷ ಹೊಡೆದುಕೊಂಡ ಜಂಬದ ಡೋಲು ಒಂದು ಮೀನಿನ ರೆಕ್ಕೆಗೆ ಹರಿದುಹೋಯಿತು. ಅಳು ಬಂತು. ಅತ್ತೆ. ಈ ಮರ ಇದ್ದರೆ ನಾನಿಲ್ಲ, ನಾನಿದ್ದರೆ ಈ ಮರ ಇಲ್ಲ. ಕಡಿಸುತ್ತೇನೆ.

ಏಪ್ರಿಲ್ 2, ಬುಧವಾರ

ಅರಳಿಕಟ್ಟೆಯಲ್ಲಿ ಪಂಚಾಯ್ತಿ. ಪಂಚಾಯ್ತಿ ಸದಸ್ಯ ರಂಗಸ್ವಾಮಿಗೂ ಸ್ವಂತ ಹುಣಸೆ ಮರಗಳಿವೆ. ಹಕ್ಕಿಗಳಿಗೆ ತೊಂದರೆಯಾಗುತ್ತದೆಂದು ಅವನೂ ಉಳಿದವರ ಹಾಗೆ ಹಣ್ಣು ಉದುರಿಸದೆ ಮರದಲ್ಲೇ ಬಿಡುತ್ತಾನೆ. ಅವನೆದುರು ಜೋರು ಮಾಡುವುದು ಕಷ್ಟ. ಆದರೂ ಮಾಡಿದೆ.

"ಅಕ್ಕಾ, ಗೂಡಲ್ಲಿ ಒಂದು ಮರಿ ಇರೋಗಂಟ ಮರಕ್ಕೆ ಕೊಡ್ಲಿ ಮುಟ್ಟಿಸಂಗಿಲ್ಲ. ನಮ್ಮಪ್ಪ ತಾತನ ಕಾಲದಿಂದ ಇಂಗೇ ಐತೆ," ಎಂದ. ಅರಣ್ಯ ಇಲಾಖೆಯ ಗಾರ್ಡ್ ಹುಡುಗಿ ಭವ್ಯಳೂ ಬಂದಿದ್ದಳು. ಗೂಡಿರುವಾಗ ಕಡಿದರೆ ಕೇಸಾಗುತ್ತದೆ ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ಜಗಳಕ್ಕೆ ಜಾಗವೇ ಸಿಗಲಿಲ್ಲ.

"ಎಲ್ಲಾ ಮರಿ ಹಾರಿದ ಮ್ಯಾಲೆ?" ಎಂದು ಕೇಳಿದೆ.

ರಂಗಸ್ವಾಮಿ ಹೆಗಲ ಟವಲು ಕೊಡವಿಕೊಂಡು, "ನಿಮ್ ಮರ, ನಿಮ್ಮಿಷ್ಟ," ಎಂದ.

ಅಲ್ಲಿಂದಲೇ ಶಿರಾದ ಚೌಡಯ್ಯನಿಗೆ ಫೋನು ಮಾಡಿದೆ. ಮರ ಕಡಿಯುವುದರಲ್ಲಿ ಅವನು ಎತ್ತಿದ ಕೈ. ಶ್ರಾವಣಕ್ಕೆ ಬಾ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮನೆಯವರೆಗೆ ಒಬ್ಬಳೇ ನಡೆದುಬಂದೆ, ಗೆದ್ದವಳ ಹಾಗೆ ಎದೆಯೆತ್ತಿಕೊಂಡು. ಹಿಂದೆ ಬರುತ್ತಿದ್ದ ಯಜಮಾನರು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದರು.

ಸಂಜೆ ಗಂಗಲಕ್ಷ್ಮಮ್ಮ ಬಂದು, "ನಮ್ ಮಾಳಿಗೆ ಮ್ಯಾಲೆ ಒಣಗಾಕ್ಕಳಕ್ಕಾ, ಅಲ್ಲಿ ಮರ ಇಲ್ಲ," ಎಂದಳು. ಕೋಳಿ ಕುರಿ ತಿನ್ನುವವರ ಮಾಳಿಗೆ ಈಗ ನನ್ನ ಅಂಗಳಕ್ಕಿಂತ ಮಡಿ. ಶಿವನೇ, ಇನ್ನೂ ಏನೇನು ನೋಡಬೇಕೋ. ಆಗಲಿ ಎಂದೆ.

ಏಪ್ರಿಲ್ 13, ಭಾನುವಾರ

ತುಮಕೂರಿನ ಕಾಲೇಜಿನಲ್ಲಿ ಪಾಠ ಹೇಳುವ ಯಶಸ್ವಿನಿ ಎಂಬ ಹೆಣ್ಣುಮಗಳು ಒಂದು ವ್ಯಾನು ಜನರನ್ನು ಕರೆದುಕೊಂಡು ಬಂದಳು. ಎಲ್ಲರ ಕೊರಳಲ್ಲೂ ಬೈನಾಕ್ಯುಲರ್ರು. ನಮ್ಮ ತಾರಸಿಯಿಂದ ಗೂಡುಗಳು ಕಣ್ಣೆದುರಿಗೇ ಕಾಣುತ್ತವಂತೆ, ಹತ್ತಬಹುದಾ ಎಂದು ಕೇಳಿದಳು.

"ಚಪ್ಪಲಿ ಕೆಳಗೆ ಬಿಡ್ಬೇಕು, ಗಲಾಟೆ ಮಾಡಂಗಿಲ್ಲ, ತಲೆಗೇನಾದ್ರೂ ಕಟ್ಕಳಿ. ಬಿದ್ರೆ ನಾನು ಜವಾಬ್ದಾರಿ ಅಲ್ಲ," ಎಂದೆ.

ಹೊತ್ತು ಏರಿದ ಮೇಲೆ ಇಳಿದರು. ಬಿಸಿಲಿಗೆ ಬಾಡಿಹೋಗಿದ್ದರು. ಮಜ್ಜಿಗೆ ಕೊಟ್ಟೆ. ಕೊಳ್ಳುವವರಿಲ್ಲದೆ ಡಬ್ಬದಲ್ಲಿ ಕೂತಿದ್ದ ಸಂಡಿಗೆಯನ್ನು ಕರಿದೂ ಇಟ್ಟೆ. ಇಟ್ಟ ಮೇಲೆ ಮನಸ್ಸು ತಡೆಯದೆ ಮೀನಿನ ವಿಷಯ ಹೇಳಿಬಿಟ್ಟೆ. ಒಬ್ಬ ಹುಡುಗ, "ಸಂಡಿಗೆ, ಮೀನು ಎರಡೂ ಒಂದರಲ್ಲೇ ಸಿಕ್ತಲ್ಲ ಆಂಟಿ!" ಎಂದು ಇನ್ನೊಂದು ತೆಗೆದುಕೊಂಡ. ಜಂಗಮರನ್ನು ಎಲೆಯಿಂದ ಎಬ್ಬಿಸಿದ ಸಂಡಿಗೆ ಇವರ ಕೈಯಲ್ಲಿ ಖಾಲಿಯಾಯಿತು. ಉಳಿದದ್ದನ್ನೂ ಪೊಟ್ಟಣ ಕಟ್ಟಿಸಿಕೊಂಡರು.

ಮುಂದಿನ ವಾರವೂ ಬರುತ್ತಾರಂತೆ. ಬರಲಿ. ಮರ ಇರುವುದು ಶ್ರಾವಣದವರೆಗೆ ತಾನೇ.

ಏಪ್ರಿಲ್ 27, ಭಾನುವಾರ

ಊರಲ್ಲಿ ಹಕ್ಕಿ ಸಮಿತಿ ಆಗಿದೆ. ಬರುವವರು ಕಟ್ಟೆಯ ಡಬ್ಬಕ್ಕೆ ಇಷ್ಟು ಅಂತ ಹಾಕಬೇಕು, ಅದು ಊರಿನದು. ತಾರಸಿಗೆ ಕೊಡುವುದರಲ್ಲಿ ಅರ್ಧ ನನ್ನದು. ಗಂಗಲಕ್ಷ್ಮಮ್ಮ ಮುದ್ದೆ ಉಪ್ಸಾರು ಮಾಡಿ ಬಡಿಸುತ್ತಿದ್ದಾಳೆ. ಬೆಂಗಳೂರಿನವರು ಮುದ್ದೆ ಅಗಿಯುವುದನ್ನು ನೋಡಲು ಅವಳ ಬಾಗಿಲಲ್ಲೂ ಒಂದಿಷ್ಟು ಜನ ನಿಂತಿರುತ್ತಾರೆ. ಹಕ್ಕಿ ನೋಡಲು ಅವರು, ಅವರನ್ನು ನೋಡಲು ನಾವು.

ಇವತ್ತು ಒಬ್ಬ ಡ್ರೋನು ತಂದಿದ್ದ. ಅದು ಗುಂಯ್ ಎನ್ನುತ್ತಾ ಮೇಲೇರಿದ್ದೇ ತಡ, ಮರದ ಮೇಲಿದ್ದ ಹಕ್ಕಿಗಳೆಲ್ಲ ಬೆದರಿ ಎದ್ದುಬಿಟ್ಟವು. ಮರಿಗಳು ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಒಂಟಿಯಾದವು. ನಾನು ಪೊರಕೆ ಹಿಡಿದೇ ತಾರಸಿ ಹತ್ತಿದೆ.

"ಯಾವನ್ಲಾ ಅವ್ನು? ಬಾಣಂತಿ ಮನೆ ಮ್ಯಾಲೆ ವಿಮಾನ ಬುಡ್ತೀಯಾ? ಇಳಿಸ್ಲಾ ಕೆಳಕ್ಕೆ!"

ಇಳಿಸಿದ. ಯಜಮಾನರು ಮೀಸೆಯಲ್ಲೇ ನಗುತ್ತಿದ್ದರು. "ಬಾಣಂತಿ ಅಂದೆಯಲ್ಲೇ?" ಎಂದರು. ಹಕ್ಕಿ ಬೆದರಿದರೆ ಹಿಕ್ಕೆ ಜಾಸ್ತಿ ಬೀಳುತ್ತದೆ, ತೊಳೆಯುವವಳು ನಾನು, ಅದಕ್ಕೆ ಬೈದೆ ಎಂದು ವಿವರಿಸಿದೆ. ನಂಬಿದಂತೆ ಕಾಣಲಿಲ್ಲ.

ಮೇ 11, ಭಾನುವಾರ

ನಗಬೇಕೋ ಅಳಬೇಕೋ ತಿಳಿಯದ ದಿನ. ಡಬ್ಬದ ದುಡ್ಡಿನಲ್ಲಿ ಸಮಿತಿಯವರು ಮರಗಳ ಕೆಳಗೆ ಬಲೆ ಕಟ್ಟಿಸಿದ್ದಾರೆ, ಬಿದ್ದ ಮರಿ ಉಳಿಯಲಿ ಎಂದು. ಕೆರೆಯ ಮೀನು ಗುತ್ತಿಗೆಯವನನ್ನೂ ಒಪ್ಪಿಸಿ, ಮಳೆ ಬರುವವರೆಗೆ ಬಲೆ ಬೀಸದಂತೆ ಮಾಡಿದ್ದಾರೆ. ಮಿಕ್ಕದ್ದರಲ್ಲಿ, ಹಣ್ಣು ಉದುರಿಸದೆ ಬಿಟ್ಟ ಮರದವರಿಗೆ ಆ ಹಣ್ಣಿನ ಬಾಬ್ತು ಕೊಡುವುದೆಂದು ತೀರ್ಮಾನ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎಲ್ಲಕ್ಕಿಂತ ದೊಡ್ಡ ಮರದ ಒಡತಿ ಎಂದು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಶಾಲು ಹೊದಿಸಿಬಿಟ್ಟರು!

"ಅಕ್ಕನ ತ್ಯಾಗ," ಎಂದು ಶುರುಮಾಡಿದ ರಂಗಸ್ವಾಮಿ. ಕಳ್ಳ. ಚೌಡಯ್ಯನಿಗೆ ನಾನು ಫೋನು ಮಾಡುವಾಗ ಎದುರಿಗೇ ನಿಂತಿದ್ದವನು. ಮರ ಕಡಿಸಲು ನಿಂತವಳಿಗೆ ಮರ ಕಾಯ್ದಳೆಂದು ಸನ್ಮಾನ. ಮೇ ತಿಂಗಳ ಬಿಸಿಲಿನಲ್ಲಿ ಶಾಲು ಬೇರೆ. ಬೆವರು ಯಾವುದು ನಾಚಿಕೆ ಯಾವುದು ತಿಳಿಯದ ಹಾಗೆ ಕೂತಿದ್ದೆ.

ಸಂಜೆ ಚೌಡಯ್ಯನೇ ಫೋನು ಮಾಡಿದ. "ಅಮ್ಮೋರೆ, ಶ್ರಾವಣಕ್ಕೆ ಬರೋದು ಖಾಯಂ ತಾನೇ?" ಖಾಯಂ ಎಂದೆ. ಶಾಲಿಗೆ ಮರುಳಾಗುವವಳಲ್ಲ ನಾನು.

ಮೇ 20, ಮಂಗಳವಾರ

ನಿನ್ನೆ ಸಂಜೆ ಗಾಳಿ ಮಳೆ. ಅಂಥ ಗಾಳಿ ನಾನು ಕಂಡಿಲ್ಲ. ಬೆಳಿಗ್ಗೆ ನೋಡಿದರೆ ಊರಿನ ಮರಗಳ ಕೆಳಗೆಲ್ಲ ಗೂಡಿನ ಕಡ್ಡಿ, ಸತ್ತ ಮರಿಗಳು. ಬಲೆಗೆ ಬಿದ್ದವು ಬದುಕಿವೆ. ಭವ್ಯ ಮತ್ತು ಊರ ಹುಡುಗರು ಏಣಿ ಇಟ್ಟು, ಉಳಿದ ಗೂಡುಗಳಿಗೆ ಅವನ್ನು ಒಂದೊಂದಾಗಿ ಏರಿಸಿದರು.

ಒಂದು ಮಾತ್ರ ಬಲೆಯ ಆಚೆ, ನಮ್ಮ ಒರಳುಕಲ್ಲಿನ ಪಕ್ಕ ಬಿದ್ದಿತ್ತು. ಬೂದು ಪುಕ್ಕ, ಉದ್ದ ಕೊಕ್ಕು, ಸೋತುಹೋದ ಮುದುಕನ ಮುಖ. ಒಂದು ರೆಕ್ಕೆ ಜೋತುಬಿದ್ದಿದೆ. ರೆಕ್ಕೆ ನೆಟ್ಟಗಾಗದೆ ಗೂಡಿಗೆ ಏರಿಸಿ ಪ್ರಯೋಜನವಿಲ್ಲವಂತೆ, ದನದ ಡಾಕ್ಟರನ್ನು ಕರೆಸುತ್ತೇನೆ, ಅಲ್ಲಿಯವರೆಗೆ ಇಟ್ಟುಕೊಳ್ಳಿ ಎಂದಳು ಭವ್ಯ.

"ಏನು ತಿನ್ನಿಸೋದು?" ಎಂದೆ.

"ಮೀನು ಅಮ್ಮಾ. ಬೇರೆ ಏನೂ ತಿನ್ನಲ್ಲ."

ಮಂಕರಿಯಲ್ಲಿ ಹುಲ್ಲು ಹಾಸಿ ಹಿತ್ತಿಲ ಕೊಟ್ಟಿಗೆಯಲ್ಲಿಟ್ಟೆ. ಗಂಗಲಕ್ಷ್ಮಮ್ಮ ತಿನ್ನಿಸುತ್ತೇನೆಂದಳು. ದೇವರು ದೊಡ್ಡವನು.

ಮೇ 22, ಗುರುವಾರ

ದೇವರು ಅಷ್ಟೇನೂ ದೊಡ್ಡವನಲ್ಲ. ಗಂಗಲಕ್ಷ್ಮಮ್ಮ ಪಾವಗಡಕ್ಕೆ ಹೊರಟಳು, ಮಗಳಿಗೆ ಜ್ವರವಂತೆ. ನಿನ್ನೆ ಬಂದ ಡಾಕ್ಟರು ರೆಕ್ಕೆಗೆ ಪಟ್ಟಿ ಕಟ್ಟಿ, ಚೆನ್ನಾಗಿ ತಿನ್ನಿಸಿದರೆ ಉಳಿದೀತು ಎಂದು ಹೋಗಿದ್ದಾರೆ. ಯಜಮಾನರಿಗೆ ಹೇಳಿದೆ. ಅವರು ಮೀನನ್ನು ನೋಡಿ, ಮರಿಯನ್ನು ನೋಡಿ, ಬಚ್ಚಲ ಕಡೆ ಓಡಿದರು. ಓಕರಿಕೆ ಕೇಳಿಸಿತು. ಗಂಡಸರು!

ಮರದ ಕೆಳಗೆ ಬಿದ್ದ ಮೀನುಗಳನ್ನೇ ಇಕ್ಕಳದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು ಕೊಟ್ಟೆ. ಅದು ಇಕ್ಕಳಕ್ಕೆ ಹೆದರಿ ಮೂಲೆಗೆ ಸರಿಯಿತು. ಮತ್ತೆ ಕೊಟ್ಟೆ. ಮತ್ತೆ ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಕತ್ತು ಎತ್ತಲೂ ತ್ರಾಣವಿಲ್ಲ. ಕೊನೆಗೆ ಇಕ್ಕಳ ಬಿಸಾಡಿ, ಕೈಯಲ್ಲೇ ಹಿಡಿದೆ. ಗಬಕ್ಕನೆ ತೆಗೆದುಕೊಂಡು ನುಂಗಿತು. ಇನ್ನೊಂದಕ್ಕೆ ಬಾಯಿ ಬಿಟ್ಟಿತು.

ಮೂರು ಸಲ ಸ್ನಾನ ಮಾಡಿದೆ. ಸಂಜೆ ಪೂಜೆಗೆ ಕೂತಾಗ ಹೊಳೆಯಿತು. ಲಿಂಗ ಹಿಡಿಯುವುದು ಎಡಗೈಯಲ್ಲಿ, ಮೀನು ಹಿಡಿದದ್ದು ಬಲಗೈಯಲ್ಲಿ. ಇಷ್ಟು ಸುಲಭವಾಗಿ ನನಗೆ ನಾನೇ ತೀರ್ಪು ಕೊಟ್ಟುಕೊಂಡದ್ದು ಇದೇ ಮೊದಲು.

ಮೇ 25, ಭಾನುವಾರ

ಕೊಟ್ಟಿಗೆ ಮುಂದೆ ಕೂತು ತಿನ್ನಿಸುತ್ತಿದ್ದೆ. ಅದಕ್ಕೆ ನನ್ನ ಹೆಜ್ಜೆ ಗೊತ್ತು ಈಗ, ಬಂದರೆ ಸಾಕು ಗಂಟಲಲ್ಲಿ ಗೊರಗೊರ ಸದ್ದು ಶುರು. ನಾನೂ ಏನೋ ಮಾತಾಡುತ್ತಿರುತ್ತೇನೆ. "ತಿನ್ನು ಕಣಪ್ಪಾ, ನನ್ ಜಾತಿ ಕೆಡಿಸಿದವ್ನೇ, ತಿನ್ನು," ಎನ್ನುತ್ತಿದ್ದಾಗ ಹಿಂದೆ ಯಾರೋ ಕೆಮ್ಮಿದರು.

ಶಂಕರಲಿಂಗಪ್ಪನವರು! ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಪಕ್ಕದಲ್ಲಿ ಮೊಮ್ಮಗಳು. ಹಕ್ಕಿ ನೋಡಬೇಕೆಂದು ಆ ಮಗು ಹಟ ಹಿಡಿದು ಕರೆತಂದಿತ್ತಂತೆ. ನನ್ನ ಕೈಯಲ್ಲಿ ಬೆರಳುದ್ದದ ಮೀನು.

ಬಿಸಾಡಬಹುದಿತ್ತು. ಸೆರಗಿನಲ್ಲಿ ಮುಚ್ಚಬಹುದಿತ್ತು. ಅವರ ಒಂದು ಮಾತಿನಿಂದ ಹೋದ ಮನೆಗಳು ಅವರ ಒಂದು ಮಾತಿನಿಂದ ವಾಪಸ್ಸು ಬರುತ್ತಿದ್ದವೋ ಏನೋ. ಆದರೆ ಮರಿ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ತಿನ್ನಿಸಿದೆ. ಆಮೇಲೆ ಎದ್ದು ನಿಂತು, "ಬನ್ನಿ, ಕೈ ತೊಳ್ಕಂಡು ಬತ್ತೀನಿ," ಎಂದೆ.

"ಏನಮ್ಮಾ ಇದು?" ಎಂದರು. ಸಿಟ್ಟಿಗಿಂತ ಹೆಚ್ಚಾಗಿ ಕಕ್ಕಾಬಿಕ್ಕಿಯಾಗಿದ್ದರು.

"ಹಸಿವು ಸ್ವಾಮಿ," ಎಂದೆ.

ಅವರು ಮೊಮ್ಮಗಳ ಹಿಂದೆ ತಾರಸಿ ಹತ್ತಿದರು. ಬಹಳ ಹೊತ್ತು ಇಳಿಯಲಿಲ್ಲ. ಹೋಗುವಾಗ ಡಬ್ಬಕ್ಕೂ ಹಾಕಿದರು. ಬಾಗಿಲಲ್ಲಿ ನಿಂತು, "ಸಂಡಿಗೆ ಮಾತ್ರ ಬೇಡಮ್ಮ. ತಪ್ಪು ತಿಳೀಬೇಡಿ," ಎಂದರು. ನಾನು ತಪ್ಪು ತಿಳಿಯಲಿಲ್ಲ. ಪಾಪ, ಅವರ ಜಾಗದಲ್ಲಿ ನಾನಿದ್ದರೆ ಡಬ್ಬಕ್ಕೂ ಹಾಕುತ್ತಿರಲಿಲ್ಲ.

ಅವರಿಗೆ ಮಜ್ಜಿಗೆ ಕೊಡಲು ಮರೆತೆ. ಮರಿಗೆ ಸಂಜೆಯ ಮೀನು ಹುಡುಕುವ ಚಿಂತೆಯಲ್ಲಿದ್ದೆ.

ಮೇ 29, ಗುರುವಾರ

ಬೆಳಿಗ್ಗೆ ಹೋದಾಗ ಗೊರಗೊರ ಇರಲಿಲ್ಲ.

ಜೂನ್ 1, ಭಾನುವಾರ

ಮರಿಗೆ ಒಳಗೆ ಏನೋ ಪೆಟ್ಟಾಗಿತ್ತಂತೆ. ನಿಮ್ಮ ತಪ್ಪಲ್ಲ ಎಂದು ಡಾಕ್ಟರು ಭವ್ಯಳ ಕೈಯಲ್ಲಿ ಹೇಳಿಕಳಿಸಿದ್ದಾರೆ. ಅವಳು ಇಲಾಖೆಯವರನ್ನು ಕೇಳಿ ಇಲ್ಲೇ ಹೂಳಲು ಒಪ್ಪಿಗೆ ತಂದಳು. ಯಜಮಾನರು ಮರದ ಬುಡದಲ್ಲಿ ಹೂತರು. ಓಕರಿಸಲಿಲ್ಲ, ಕಣ್ಣೊರೆಸಿಕೊಂಡರು.

ನಾನು ಸಿಟ್ಟನ್ನು ಬರೆಯಲು ಇಟ್ಟುಕೊಂಡ ಪುಸ್ತಕ ಇದು. ಅಳುವುದನ್ನು ಎಲ್ಲಿ ಬರೆಯಬೇಕೋ ಮಧುಗಿರಿಯ ಡಾಕ್ಟರು ಹೇಳಿಲ್ಲ. ಒಂದು ಹಕ್ಕಿಗೆ, ಅದೂ ನನ್ನ ಹೆಸರು ಕೆಡಿಸಿದ ವಂಶದ ಹಕ್ಕಿಗೆ ಇಷ್ಟು ಸಂಕಟವಾಗುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಇವತ್ತೂ ಜನ ಬಂದಿದ್ದರು. ತಾರಸಿಗೆ ಯಜಮಾನರೇ ಹತ್ತಿಸಿದರು.

ಆಗಸ್ಟ್ 18, ಸೋಮವಾರ

ಹಕ್ಕಿಗಳೆಲ್ಲ ಹೋದವು. ಅಂಗಳ ಸ್ವಚ್ಛವಾಗಿದೆ, ವಾಸನೆ ಇಲ್ಲ, ಸದ್ದಿಲ್ಲ. ನಾನು ಬಯಸಿದ್ದು ಇದನ್ನೇ. ಎರಡು ಸಲ ಸುಮ್ಮಸುಮ್ಮನೆ ಹೊರಗೆ ಬಂದು ಮೇಲೆ ನೋಡಿದೆ. ಕತ್ತು ನೋವು, ವಯಸ್ಸಾಯಿತು.

ಹತ್ತು ಗಂಟೆಗೆ ಚೌಡಯ್ಯ ಬಂದ. ಹಗ್ಗ, ಗರಗಸ, ಇಬ್ಬರು ಆಳು. ಮರವನ್ನು ಒಂದು ಸುತ್ತು ಬಂದು, ತಟ್ಟಿ ನೋಡಿ, "ಒಳ್ಳೆ ಗಟ್ಟಿ ಮರ ಅಮ್ಮೋರೆ. ಆ ಕಡೆಯಿಂದ ಶುರು ಮಾಡ್ಲಾ?" ಎಂದ.

"ಈಗ ಆಗಲ್ಲ," ಎಂದೆ. ಅದು ನನ್ನ ಬಾಯಿಂದಲೇ ಬಂತು.

"ಯಾಕಮ್ಮೋರೆ?"

"ಗೂಡಲ್ಲಿ ಇನ್ನೂ ಒಂದು ಮರಿ ಐತೆ. ಮರಿ ಇರೋಗಂಟ ಮುಟ್ಟಂಗಿಲ್ಲ, ಊರ ಕಟ್ಟು."

ಅವನು ಕೈ ಅಡ್ಡ ಹಿಡಿದು ಮೇಲೆ ನೋಡಿದ. ಬರೀ ಕಡ್ಡಿಯ ಗೂಡುಗಳು, ಅವುಗಳ ಸಂದಿಯಿಂದ ಆಕಾಶ ಕಾಣುತ್ತಿತ್ತು. "ಎಲ್ಲಮ್ಮೋರೆ? ಒಂದು ಪುಕ್ಕನೂ ಇಲ್ವಲ್ಲ. ಹತ್ತಿ ನೋಡ್ಲಾ?"

ಹುಸಿ ಆಡಿ ಅಭ್ಯಾಸವಿಲ್ಲದವಳು ನಾನು, ಸೆರಗು ಸರಿಮಾಡಿಕೊಂಡು ಜಗಲಿ ಕಡೆ ನೋಡಿದೆ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಯಜಮಾನರು ತಲೆ ಎತ್ತದೆಯೇ, "ಐತೆ ಕಣಯ್ಯಾ. ನಾನೂ ನೋಡಿದೀನಿ," ಎಂದರು.

ಚೌಡಯ್ಯ ಅವರನ್ನು ನೋಡಿದ, ನನ್ನನ್ನು ನೋಡಿದ. ಹಗ್ಗ ಸುತ್ತತೊಡಗಿದ.

"ಅಂಗಾದ್ರೆ ಅದು ಯಾವಾಗ ಹಾರ್ತದೆ ಏಳಿ, ಆವಾಗ್ಲೇ ಬತ್ತೀನಿ."

"ಅದು ಹಾರಲ್ಲ ಬುಡು," ಎಂದೆ.

ಮೂವರಿಗೂ ಕಾಫಿ ಕೊಟ್ಟು ಕಳಿಸಿದೆ.